ಮೂಲಾ ನಕ್ಷತ್ರ ಮತ್ತು ನ್ಯೂ ಫೋಲ್ಡರ್

ಲಿನಕ್ಸ್ ಕಂಪ್ಯೂಟರಿಗೆ ಆಂಟಿವೈರಸ್ ಬೇಕೇ ಎಂದು ಯಾರಾದರೂ ಕೇಳಿದರೆ, "ನಿಮ್ಮನೇಲಿ ಮದುವೆಗಿರೋ ಹೆಣ್ಮಕ್ಕಳಿದಾರಾ?" ಎಂದು ನಾನು ತಿರುಗಿ ಕೇಳುತ್ತೇನೆ. ಕೇಳಿದವರು ತಬ್ಬಿಬ್ಬಾಗುತ್ತಾರೆ. ಆಗಲಿ. ಒಂದು ಕಾಲದಲ್ಲಿ ನನ್ನ ಬಳಿ ಈ ಪ್ರಶ್ನೆಗೆ "ಬೇಡ" ಎಂಬ ಒಂದೇ ಪದದ ಉತ್ತರವಿತ್ತು. ಆ ಒಂದು ಪದ ನಮ್ಮ ಮನೆಯಲ್ಲಿ ಮಾಡಿದ ಕೆಲಸವನ್ನು ಹೇಳಿಬಿಡುತ್ತೇನೆ, ಆಮೇಲೆ ನಿಮ್ಮಿಷ್ಟ.

ಎರಡು ಸಾವಿರದ ಆರೇಳರ ಸುಮಾರು. ನಾನು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್. ಮನೆ ಬಸವನಗುಡಿ. ಕಂಪ್ಯೂಟರ್ ಇದ್ದವರ ಮನೆಯಲ್ಲೆಲ್ಲ ವಿಂಡೋಸ್ ಇತ್ತು, ವಿಂಡೋಸ್ ಇದ್ದಲ್ಲೆಲ್ಲ ವೈರಸ್ ಇತ್ತು, ವೈರಸ್ ಇದ್ದಲ್ಲೆಲ್ಲ ನಾನು ಹೋಗಿ ತಲೆ ತಿನ್ನುತ್ತಿದ್ದೆ. ಗಾಂಧಿಬಜಾರಿನಲ್ಲಿ ತರಕಾರಿ ಚೀಲ ಹಿಡಿದು ನಿಂತ ಪರಿಚಯದವರು "ನಮ್ಮ ಸಿಸ್ಟಮ್ ಯಾಕೋ ಸ್ಲೋ ಆಗ್ಬಿಟ್ಟಿದೆ ಕಣಪ್ಪಾ" ಎಂದರೆ ಸಾಕು, ಅವರ ಕೊತ್ತಂಬರಿ ಸೊಪ್ಪು ಬಾಡುವವರೆಗೂ ಬಿಡುತ್ತಿರಲಿಲ್ಲ. ವಿಂಡೋಸ್ ಕಿತ್ತುಹಾಕಿ ಅದರ ಜಾಗಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ವೈರಸ್ ಎಂಬ ಮಾತನ್ನೇ ಮರೆತುಬಿಡಿ, ಎನ್ನುತ್ತಿದ್ದೆ. ಜೊತೆಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ, "ಆದ್ರೂ ಸೆಕ್ಯುರಿಟಿ ಅಪ್‌ಡೇಟ್ ಹಾಕ್ಕೋಬೇಕಲ್ವಾ ಗುರು?" ಎಂದು ಮೆತ್ತಗೆ ಕೇಳಿದ್ದ. "ಕಾಯಿಲೇನೇ ಬರ್ದೇ ಇರೋನಿಗೆ ಇಂಜೆಕ್ಷನ್ ಯಾಕೋ?" ಎಂದು ಅವನ ಬಾಯಿ ಮುಚ್ಚಿಸಿದ್ದೆ. ಆ ವಯಸ್ಸಿನಲ್ಲಿ ನನಗೆ ಬಾಯಿ ಮುಚ್ಚಿಸುವುದೂ ಗೆಲ್ಲುವುದೂ ಒಂದೇ ಆಗಿ ಕಾಣುತ್ತಿತ್ತು.

ನನ್ನ ಸೋದರತ್ತೆ ಹೈಸ್ಕೂಲ್ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು. ಗವಿಪುರಂನ ತಮ್ಮ ಮನೆಯ ಮುಂದಿನ ರೂಮಿನಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ ವಧೂವರರ ಮಾಹಿತಿ ಕೇಂದ್ರ ನಡೆಸುತ್ತಿದ್ದರು. ಫೀಸು ಇಲ್ಲ. ಕಾಫಿ ಪುಕ್ಕಟೆ, ಬೈಗುಳವೂ ಪುಕ್ಕಟೆ. "ಎಂಜಿನಿಯರೇ ಬೇಕಾ? ನಿಮ್ಮ ಮಗಳು ಎಸ್ಸೆಲ್ಸಿ ಲೆಕ್ಕದಲ್ಲಿ ಎಷ್ಟು ತೆಗೆದಿದ್ಲು ನಂಗೆ ಗೊತ್ತಿಲ್ವಾ?" ಎಂದು ಅಪ್ಪಂದಿರ ಮುಖಕ್ಕೇ ಹೇಳುವರು. ಮೂಲೆಗೆ ಅರಿಶಿನ ಹಚ್ಚಿದ ಜಾತಕಗಳು ಒಂದು ಟ್ರಂಕಿನ ತುಂಬ ಇದ್ದವು. ಅರ್ಧದಷ್ಟನ್ನು ಹುಳು ತಿಂದಿತ್ತು.

ನಾನು ಎಸ್.ಪಿ. ರೋಡಿನಿಂದ ಒಂದು ಹಳೆಯ ಕಂಪ್ಯೂಟರ್ ತಂದು, ಲಿನಕ್ಸ್ ಹಾಕಿ, ಜಾತಕಗಳನ್ನೆಲ್ಲ ಅದರೊಳಗೆ ತುಂಬಿಸಿದೆ. ಅತ್ತೆ ಅದಕ್ಕೆ ಕುಂಕುಮ ಇಟ್ಟರು. ಜೊತೆಗೆ ಒಂದು ಪೆನ್ ಡ್ರೈವ್ ತಂದಿಟ್ಟೆ. ಒಂದು ಸಂಬಂಧ ಮುಂದುವರಿಯುವ ಹಾಗಿದ್ದರೆ ಹುಡುಗಿಯ ಜಾತಕ, ಫೋಟೋಗಳನ್ನು ಅದರಲ್ಲಿ ಹಾಕಿ ಹುಡುಗನ ಮನೆಗೆ ಕೊಡುವುದು; ಅವರು ನೋಡಿ ಮುಂದಿನ ಭಾನುವಾರ ವಾಪಸ್ ತರುವುದು; ಅದು ಇನ್ನೊಂದು ಮನೆಗೆ ಹೋಗುವುದು. ಜಾತಕ ಎಂದಮೇಲೆ ಅರಿಶಿನ ಬೇಡವೇ? ಅತ್ತೆ ಪೆನ್ ಡ್ರೈವಿನ ಮುಚ್ಚಳಕ್ಕೂ ಹಚ್ಚಿದರು. ಹಳೆಯ ಹುಡುಗಿಯ ಫೋಲ್ಡರ್ ಅಳಿಸಿ ಹೊಸ ಹುಡುಗಿಯದನ್ನು ಹಾಕಲು ನಾನೊಂದು ಪುಟ್ಟ ಪ್ರೋಗ್ರಾಮ್ ಬರೆದಿದ್ದೆ. ಅದು ಹುಡುಗಿಯ ಫೋಲ್ಡರ್ ಒಂದನ್ನೇ ಅಳಿಸುತ್ತಿತ್ತು, ಮಿಕ್ಕದ್ದನ್ನು ಮುಟ್ಟುತ್ತಿರಲಿಲ್ಲ.

ಒಂದು ಭಾನುವಾರ, ದೀಪಾವಳಿಗೆ ಮುಂಚೆ, ಆ ಪೆನ್ ಡ್ರೈವ್ ಯಾರದೋ ಮನೆಯಿಂದ ಒಬ್ಬ ಅತಿಥಿಯನ್ನು ಹೊತ್ತುಕೊಂಡು ಬಂತು. ಹೆಸರು 'ನ್ಯೂ ಫೋಲ್ಡರ್'. ಆಗ ಊರು ತುಂಬ ಹಬ್ಬಿದ್ದ ವೈರಸ್ ಅದು. ವಿಂಡೋಸಿನಲ್ಲಿ ನೋಡಿದರೆ ಹಳದಿ ಬಣ್ಣದ ಸಾಧುವಾದ ಫೋಲ್ಡರ್. ಒಳಗೆ ಫೋಟೋ ಇರಬಹುದೆಂದು ಒತ್ತಿದರೆ ಮುಗಿಯಿತು, ಕಂಪ್ಯೂಟರಿನ ತುಂಬ ಮರಿ ಹಾಕುತ್ತದೆ. ಲಿನಕ್ಸಿನಲ್ಲಿ ಅದರ ವೇಷ ನಡೆಯುವುದಿಲ್ಲ. ಹೆಸರಿನ ಬಾಲದಲ್ಲಿ, ಇದು ಫೋಲ್ಡರಲ್ಲ ಪ್ರೋಗ್ರಾಮ್ ಎಂದು ಸಾರುವ 'ಇಎಕ್ಸ್‌ಇ' ಎಂಬ ಮೂರಕ್ಷರ ಬೆತ್ತಲೆಯಾಗಿ ಕಾಣುತ್ತದೆ, ಒತ್ತಿದರೂ ಏನೂ ಆಗುವುದಿಲ್ಲ. ನನಗೆ ಎಲ್ಲಿಲ್ಲದ ಖುಷಿ. ಅತ್ತೆಯನ್ನು ಕರೆದು ತೋರಿಸಿದೆ. ಬಂದ ಮನೆಯವರಿಗೆಲ್ಲ ತೋರಿಸಿದೆ. ಹತ್ತು ಸಲ ಒತ್ತಿ, "ನೋಡಿ, ಹಲ್ಲು ಕಿತ್ತ ಹಾವು!" ಎಂದೆ. ಹಾವನ್ನು ಮಾತ್ರ ಅಳಿಸಲಿಲ್ಲ. ನಮಗೆ ಕಚ್ಚದ ಮೇಲೆ ಇದ್ದರೆ ಇರಲಿ, ಹೊಸಬರಿಗೆ ತೋರಿಸುವುದಕ್ಕೆ ಒಳ್ಳೆಯದು ಎಂದು ಬಿಟ್ಟೆ. ಪ್ರತಿ ವಾರ ಅದೇ ಪೆನ್ ಡ್ರೈವು ಅರಿಶಿನ ಬಳಿದುಕೊಂಡು ಒಂದೊಂದು ಮನೆಗೆ ಹೋಗಿಬರುತ್ತಿದೆ ಎಂಬ ಪರಿಜ್ಞಾನ ಈ ಮಹಾಪಂಡಿತನಿಗೆ ಇರಲಿಲ್ಲ.

ಈಗ ನನ್ನ ಅಕ್ಕನ ವಿಷಯ. ಮೂವತ್ತೆರಡು ವರ್ಷ, ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್, ಮನೆಯಲ್ಲಿ ನನಗಿಂತ ಬುದ್ಧಿವಂತೆ. ಅವಳಿಗಿದ್ದ ಒಂದೇ ಕೊರತೆ ಎಂದರೆ ಮೂಲಾ ನಕ್ಷತ್ರದಲ್ಲಿ ಹುಟ್ಟಿದ್ದು. ಮೂಲಾ ನಕ್ಷತ್ರದ ಹುಡುಗಿ ಸೊಸೆಯಾಗಿ ಬಂದರೆ ಮಾವ ಉಳಿಯುವುದಿಲ್ಲವಂತೆ. ಹಾಗಾಗಿ ಮಾವ ಆಗಲೇ ಗೋಡೆ ಹತ್ತಿ ಗಂಧದ ಹಾರ ಹಾಕಿಕೊಂಡಿರುವ ಮನೆಗಳೇ ಅವಳಿಗೆ ಆಗಬೇಕಾಗಿತ್ತು. "ಬೇರೆಯವರಿಗೆ ಗಂಡು ಹುಡುಕ್ತಾರೆ, ನಂಗೆ ಮೊದಲು ಹೆಣ ಹುಡುಕ್ಬೇಕು" ಎಂದು ಅವಳೇ ನಗುತ್ತಿದ್ದಳು. ಅಮ್ಮ "ಬಿಡ್ತು ಅನ್ನೇ!" ಎಂದು ಕಿರುಚುತ್ತಿದ್ದರು. ನಗುತ್ತಿದ್ದಳು ಎಂದರೆ ನೋವಿರಲಿಲ್ಲ ಎಂದಲ್ಲ. ಹುಡುಗನ ಕಡೆಯವರು ಬಂದು ಉಪ್ಪಿಟ್ಟು ತಿಂದು ಹೋದ ಸಂಜೆಗಳಲ್ಲಿ ಅವಳು ತಿದ್ದುವ ಪೇಪರುಗಳಲ್ಲಿ ಮಾರ್ಕ್ಸು ಸ್ವಲ್ಪ ಕಡಿಮೆಯೇ ಬೀಳುತ್ತಿತ್ತು.

ಆ ಚಳಿಗಾಲದಲ್ಲಿ ಮಲ್ಲೇಶ್ವರದ ಒಂದು ಮನೆಯವರು ಅತ್ತೆಯ ಬಳಿ ಬಂದರು. ತಾಯಿ, ಇಬ್ಬರು ಗಂಡುಮಕ್ಕಳು. ತಂದೆ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಹಿರಿಯ ಮಗನಿಗೆ ಮದುವೆಯಾಗಿದೆ. ಕಿರಿಯವನು ಬ್ಯಾಂಕಿನಲ್ಲಿ. ಅತ್ತೆ ಅಕ್ಕನನ್ನು ಅವತ್ತೇ ಕರೆಸಿಬಿಟ್ಟರು. ಹುಡುಗನನ್ನೂ ಅವಳನ್ನೂ ಹಿತ್ತಲ ಬಾವಿಕಟ್ಟೆಯ ಹತ್ತಿರ ಮಾತಾಡಲು ಬಿಟ್ಟರೆ, ನಮ್ಮ ಅಕ್ಕ ಅವನನ್ನು ಹದಿನೇಳರ ಮಗ್ಗಿ ಕೇಳಿದ್ದಾಳೆ! ಅವನು ಹದಿನೇಳಾರ್ಲಿ ನೂರೆರಡರವರೆಗೆ ಹೇಳಿ, "ಮುಂದೆ ಗೊತ್ತಿಲ್ಲ ಮೇಡಂ, ಫೇಲ್ ಮಾಡಿ" ಎಂದು ನಕ್ಕನಂತೆ. ಗೊತ್ತಿಲ್ಲ ಎಂದು ನಗುತ್ತ ಒಪ್ಪಿಕೊಂಡ ಗಂಡಸನ್ನು ಅದೇ ಮೊದಲು ನೋಡುತ್ತಿದ್ದೇನೆ ಎಂದಳು ಅಕ್ಕ. ಅಂದು ಸಂಜೆ ಪೇಪರು ತಿದ್ದಲಿಲ್ಲ. ಗಾಂಧಿಬಜಾರಿಗೆ ಹೋಗಿ ಹೊಸ ಚಪ್ಪಲಿ ತಂದಳು. "ಆಗ್ಬಹುದು ಅನ್ಸುತ್ತೆ ಕಣೋ" ಎಂದು ನನಗೊಬ್ಬನಿಗೇ ಹೇಳಿದಳು. ಅವಳ ಬಾಯಲ್ಲಿ ಆ ಮಾತು ನಾನು ಕೇಳಿರಲಿಲ್ಲ. ನನಗೆ ಕಣ್ಣು ತುಂಬಿಬಂತು, ಅವಳಿಗೆ ಕಾಣದ ಹಾಗೆ ಎದ್ದುಹೋದೆ.

ಹುಡುಗನ ಅತ್ತಿಗೆ ಅವತ್ತು ಬಂದಿರಲಿಲ್ಲ, ಅವರಿಗೆ ತೋರಿಸಲು ಫೋಟೋ ಬೇಕೆಂದು ತಾಯಿ ಕೇಳಿದ್ದರು. ಅವರು ಹೊರಡುವ ಮೊದಲೇ ನಾನು ಪೆನ್ ಡ್ರೈವಿಗೆ ಅಕ್ಕನ ಫೋಲ್ಡರ್ ಹಾಕಿಕೊಟ್ಟಿದ್ದೆ. ಆ ತಾಯಿ ಅದನ್ನು ಕೈಗೆ ತಗೊಳ್ಳುವಾಗ ಸ್ವಲ್ಪ ಅನುಮಾನಿಸಿದರು.

"ಇದ್ರಿಂದ ವೈರಸ್ ಗಿರಸ್ ಬರಲ್ಲ ತಾನೇ? ನಮ್ಮ ದೊಡ್ಡೋನ ಕಂಪ್ಯೂಟರಲ್ಲಿ ಯಜಮಾನ್ರ ಫೋಟೋ ಎಲ್ಲಾ ಇದೆಯಪ್ಪಾ. ಆಲ್ಬಂ ಗೆದ್ದಲು ಹಿಡೀತು ಅಂತ ಎಲ್ಲಾ ಅದಕ್ಕೇ ಹಾಕಿದಾನೆ."

ಇಂಥ ಪ್ರಶ್ನೆಗೇ ಕಾದು ಕೂತವನು ನಾನು. ಎದೆ ತಟ್ಟಿಕೊಂಡೆ. "ಅಮ್ಮಾ, ಇದು ಲಿನಕ್ಸು. ಇದಕ್ಕೆ ವೈರಸ್ಸೂ ಬರಲ್ಲ, ಆಂಟಿವೈರಸ್ಸೂ ಬೇಕಿಲ್ಲ. ಈ ಮನೆಯಿಂದ ವೈರಸ್ ಆಚೆ ಹೋಗೋ ಮಾತೇ ಇಲ್ಲ. ಬೇಕಾದ್ರೆ ಬರೆದುಕೊಡ್ತೀನಿ!"

ಮುಂದಿನ ಶನಿವಾರ ಸಂಜೆ ನಾನೂ ಅಕ್ಕನೂ ಅತ್ತೆಯ ಮನೆಯಲ್ಲಿದ್ದಾಗಲೇ ಮಲ್ಲೇಶ್ವರದಿಂದ ಫೋನ್ ಬಂತು. ಅತ್ತೆ ಬರೀ "ಹ್ಞೂಂ... ಹ್ಞೂಂ..." ಎನ್ನುತ್ತಿದ್ದರು. ಅತ್ತೆ ಬರೀ ಹ್ಞೂಂ ಎಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಫೋನಿಟ್ಟು ಹೇಳಿದರು. ಹಿರಿಯ ಮಗ ಸೋಮವಾರ ಪೆನ್ ಡ್ರೈವ್ ಹಾಕಿದ್ದಾನೆ. ಹುಡುಗಿಯ ಫೋಟೋ ಇರಬೇಕೆಂದು 'ನ್ಯೂ ಫೋಲ್ಡರ್' ಒತ್ತಿದ್ದಾನೆ. ಎರಡೇ ದಿನಕ್ಕೆ ಕಂಪ್ಯೂಟರ್ ಏಳಲಾರದೆ ಮಲಗಿದೆ. ರಿಪೇರಿಯವನ ಬಳಿ ಹೊತ್ತುಕೊಂಡು ಹೋದರೆ ಅವನು ಆ ಕಾಲದ ರಿಪೇರಿಯವರೆಲ್ಲರ ಹಾಗೆ "ಫಾರ್ಮ್ಯಾಟ್ ಹೊಡೀಬೇಕು ಸಾರ್" ಎಂದು ಹೊಡೆದೇಬಿಟ್ಟಿದ್ದಾನೆ. ಅದರಲ್ಲಿದ್ದ ಯಜಮಾನರ ಫೋಟೋಗಳು ಒಂದೂ ಉಳಿದಿಲ್ಲ.

"ಆಕೆ ಏನಂದ್ರು ಗೊತ್ತಾ?" ಎಂದರು ಅತ್ತೆ. "'ನಿಮ್ಮ ಹುಡುಗ ಬರೆದುಕೊಡ್ತೀನಿ ಅಂದಿದ್ದ, ಅದರಲ್ಲಿ ವೈರಸ್ ಇರೋದಕ್ಕೆ ಸಾಧ್ಯಾನೇ ಇಲ್ಲ ಅಂತ. ವೈರಸ್ ಅಲ್ಲ ಅಂದ್ಮೇಲೆ ಇನ್ನೇನು? ಮನೇಲಿ ಮಾವ ಇಲ್ಲ, ಮೂಲಾ ಏನು ಮಾಡುತ್ತೆ ಅಂತ ಧೈರ್ಯ ಮಾಡಿದ್ವಿ. ಹುಡುಗಿ ಹೊಸಿಲು ತುಳಿಯೋಕ್ಕೆ ಮುಂಚೇನೇ ಫೋಟೋದಲ್ಲಿದ್ದ ಮಾವನ್ನೂ ಬಿಡ್ಲಿಲ್ಲ. ಈ ಕಾಲ್ಗುಣ ನಮಗೆ ಬೇಡಮ್ಮಾ' ಅಂದ್ರು."

ಅಕ್ಕ ಎದ್ದಳು. ಬ್ಯಾಗು ತಗೊಂಡು ಮನೆಗೆ ಹೊರಟಳು. ಹೊಸ ಚಪ್ಪಲಿ ಇನ್ನೂ ಕಾಲಿಗೆ ಹೊಂದಿರಲಿಲ್ಲ, ಸ್ವಲ್ಪ ಕುಂಟುತ್ತ ಗೇಟು ದಾಟಿದಳು. ಅತ್ತೆ ನನ್ನ ಕಡೆ ತಿರುಗಿದರು, ಹೆಡ್‌ಮಿಸ್ಟ್ರೆಸ್ ತಿರುಗುವ ಹಾಗೆ.

"ಲೋ, ನಿಜ ಹೇಳು. ಅದರಲ್ಲಿ ಏನಾದ್ರೂ ಇತ್ತೇನೋ?"

"ಇತ್ತು ಅತ್ತೆ."

"ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು ಅಂತ ಸುಮ್ನೆ ಹೇಳಿದ್ರಾ! ನಾಳೆ ಬೆಳಗ್ಗೆ ಮಲ್ಲೇಶ್ವರಕ್ಕೆ ಹೋಗು. ತಪ್ಪು ನಂದು ಅಂತ ಹೇಳು. ಕಾಲಿಗೆ ಬೀಳಬೇಕಾದ್ರೆ ಬೀಳು."

ಬೀಳಲು ತಯಾರಾಗಿಯೇ ಹೋದೆ. ಕೈಯಲ್ಲಿ ಒಂದು ಲಿನಕ್ಸ್ ಸಿಡಿ ಇತ್ತು. ಫಾರ್ಮ್ಯಾಟ್ ಹೊಡೆದ ಡಿಸ್ಕಿನಿಂದಲೂ ಹಳೆಯ ಫೋಟೋಗಳನ್ನು ಹೆಕ್ಕಿ ತೆಗೆಯುವ ಪ್ರೋಗ್ರಾಮ್ ಅದರಲ್ಲಿತ್ತು. ಹಾಲಿನಲ್ಲಿ ತಾಯಿ, ಇಬ್ಬರು ಮಕ್ಕಳು, ಗೋಡೆಯ ಮೇಲೆ ಹಾರ ಹಾಕಿಕೊಂಡ ಯಜಮಾನರು, ನಾಲ್ವರೂ ನನ್ನನ್ನೇ ನೋಡುತ್ತಿದ್ದರು. ನಾನು ಜನ್ಮದಲ್ಲಿ ಮೊದಲ ಸಲ ಲಿನಕ್ಸಿನ ವಿರುದ್ಧ ಭಾಷಣ ಮಾಡಿದೆ. ಅಮ್ಮಾ, ಲಿನಕ್ಸಿಗೆ ಆ ವೈರಸ್ ತಗುಲುವುದಿಲ್ಲ ನಿಜ. ಆದರೆ ತನಗೆ ತಗುಲದಿದ್ದರೂ ಇನ್ನೊಬ್ಬರಿಗೆ ದಾಟಿಸುತ್ತದೆ. ಪೆನ್ ಡ್ರೈವಿನಲ್ಲಿ ಅದು ತಿಂಗಳುಗಟ್ಟಲೆ ಕೂತಿತ್ತು. ಆಂಟಿವೈರಸ್ ಹಾಕಿ ಬಂದದ್ದನ್ನು ಜಾಲಿಸಿ ಕಳಿಸಬೇಕಿತ್ತು, ಹಾಕಲಿಲ್ಲ. ತಪ್ಪು ಪೂರ್ತಿ ನನ್ನದು, ನಮ್ಮಕ್ಕನ ನಕ್ಷತ್ರದ್ದಲ್ಲ.

ಆಕೆ ಕೇಳಿಸಿಕೊಂಡರು. ಮುಖದಲ್ಲಿ ಕೋಪವಿರಲಿಲ್ಲ, ಕರುಣೆಯಿತ್ತು. ಹಿರಿಯ ಮಗನ ಕಡೆ ತಿರುಗಿ, "ಅಕ್ಕನ ಮೇಲೆ ಎಷ್ಟು ಪ್ರೀತಿ ನೋಡೋ ಈ ಹುಡುಗನಿಗೆ. ಎಲ್ಲಾ ತನ್ನ ಮೇಲೆ ಹಾಕ್ಕೊಳ್ತಾ ಇದಾನೆ" ಎಂದರು.

"ಪ್ರೀತಿಗಲ್ಲಮ್ಮಾ, ನಿಜವಾಗ್ಲೂ..."

"ನೀನೇ ಹೇಳಿದ್ಯಲ್ಲಪ್ಪಾ, ಆ ಮನೆಯಿಂದ ವೈರಸ್ ಆಚೆ ಹೋಗಲ್ಲ ಅಂತ. ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದ್ದೆ. ಅವತ್ತು ನಿಂಗೆ ಸುಳ್ಳು ಹೇಳೋ ಅವಶ್ಯಕತೆ ಏನಿತ್ತು?"

ನನ್ನ ಸುಳ್ಳನ್ನು ಎಲ್ಲರೂ ನಂಬಿದ್ದರು. ಈಗ ನಿಜ ಹೇಳಿದರೆ ಅಕ್ಕನನ್ನು ಉಳಿಸಲು ಕಟ್ಟಿದ ಕಥೆಯಾಗುತ್ತಿತ್ತು. ನಾನು ಬೇರೆ ದಾರಿ ಕಾಣದೆ ಸಿಡಿ ಹಾಕಿ ಕೂತೆ. ಪ್ರೋಗ್ರಾಮ್ ನಿಧಾನವಾಗಿ ಡಿಸ್ಕನ್ನು ಕೆದಕತೊಡಗಿತು. ಮಧ್ಯಾಹ್ನದ ಹೊತ್ತಿಗೆ ಫೋಟೋಗಳು ಒಂದೊಂದೇ ಬಂದವು. ಹೆಸರಿಲ್ಲ, ಕ್ರಮವಿಲ್ಲ, ಬರೀ ನಂಬರು. ಕೆಲವು ಅರ್ಧಕ್ಕೇ ತುಂಡಾಗಿದ್ದವು: ಮೇಲೆ ಯಜಮಾನರ ಮುಖ, ಕೆಳಗೆ ಬರೀ ಬೂದಿ ಬಣ್ಣ. ಸ್ಕೂಟರಿನ ಮೇಲೆ ಯಜಮಾನರು, ಲಾಲ್‌ಬಾಗಿನ ಫ್ಲವರ್ ಶೋದಲ್ಲಿ ಕೋಸಿನ ಪಕ್ಕ ಯಜಮಾನರು, ಪಂಚೆಯಲ್ಲಿ ಹಲಸಿನ ಹಣ್ಣು ಬಿಡಿಸುತ್ತಿರುವ ಯಜಮಾನರು. ಆಕೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ, "ಇದು ನಂಜನಗೂಡಲ್ಲಿ ತೆಗೆದಿದ್ದು... ಅಯ್ಯೋ, ಈ ಶರ್ಟು!" ಎನ್ನುತ್ತಿದ್ದರು. ಗೆದ್ದೆ ಅಂದುಕೊಂಡೆ. ಇನ್ನು ಈಕೆ ಅಕ್ಕನ ಬಗ್ಗೆ ಒಂದು ಒಳ್ಳೆಯ ಮಾತಾಡುತ್ತಾರೆ ಎಂದು ಕಾದೆ.

ಆಕೆ ಮಾತಾಡಿದರು. "ನೋಡಿದ್ಯೇನೋ ದೊಡ್ಡೋನೇ? ನಿನ್ನೆ ಸಾಯಂಕಾಲ ಆ ಹುಡುಗಿ ಬೇಡ ಅಂತ ಫೋನ್ ಮಾಡ್ದೆ. ಇವತ್ತು ಮಧ್ಯಾಹ್ನಕ್ಕೆ ನಿಮ್ಮಪ್ಪ ವಾಪಸ್ ಬಂದ್ರು."

ನನಗೆ ತಲೆ ಕೆಟ್ಟುಹೋಯಿತು. ಕಾಲಿಗೆ ಬೀಳಲು ಬಂದವನೆಂಬುದು ಮರೆತುಹೋಗಿ ಎದ್ದು ನಿಂತೆ. "ಅಮ್ಮಾ! ವಾಪಸ್ ತಂದಿದ್ದು ನಾನು! ಬೆಳಗ್ಗೆಯಿಂದ ಇಲ್ಲೇ ಕೂತಿದೀನಿ! ಈ ಸಿಡಿ ತಂದಿದ್ದು!"

"ನೀನು ನಿಮಿತ್ತ ಕಣಪ್ಪಾ" ಎಂದರು ಆಕೆ, ತುಂಬ ವಾತ್ಸಲ್ಯದಿಂದ. "ಕೂತ್ಕೋ, ಊಟ ಮಾಡ್ಕೊಂಡು ಹೋಗು. ಹುಳಿ ಮಾಡಿದೀನಿ."

ಹುಳಿ ಚೆನ್ನಾಗಿತ್ತು, ಅದೂ ಒಂದು ಹೊಟ್ಟೆಯುರಿ. ಹೊರಡುವಾಗ ಕಿರಿಯ ಮಗ ಗೇಟಿನವರೆಗೆ ಬಂದ. ಅಷ್ಟು ಹೊತ್ತೂ ಅವನು ಒಂದು ಮಾತಾಡಿರಲಿಲ್ಲ. "ನೀವು ಹೇಳಿದ್ದು ನಿಜ ಅಂತ ನಂಗೆ ಗೊತ್ತು. ನಮ್ಮ ಬ್ಯಾಂಕಲ್ಲೂ ಅದೇ ವೈರಸ್ ಬಂದಿತ್ತು" ಎಂದ. ಮತ್ತೆ ಅಮ್ಮನಿಗೆ ಯಾಕೆ ಹೇಳಲಿಲ್ಲ ಎಂದೆ. ಗೇಟಿನ ಚಿಲಕ ಹಿಡಿದುಕೊಂಡು, "ಅಮ್ಮನಿಗೆ ಏನು ಹೇಳೋದು..." ಎಂದು ರಸ್ತೆ ನೋಡಿದ. ಅವನ ಮೇಲೆ ಬಂದ ಸಿಟ್ಟು ಬಸ್ ಸ್ಟಾಪ್ ಮುಟ್ಟುವವರೆಗೂ ಇಳಿಯಲಿಲ್ಲ. ಬಸ್ಸು ಹತ್ತಿದ ಮೇಲೆ, ಇವನಾದರೂ ಬಾಯಿ ಬಿಡದೆ ಕೆಡಿಸಿದ, ನಾನು ಬಾಯಿ ಬಿಟ್ಟು ಕೆಡಿಸಿದೆ, ಬೈಯಲು ನನಗೇನು ಯೋಗ್ಯತೆ ಅನ್ನಿಸಿತು.

ಮನೆಗೆ ಹೋಗಲು ಧೈರ್ಯ ಬರದೆ ಮೊದಲು ಗವಿಪುರಂಗೆ ಹೋದೆ. ಅತ್ತೆಗೆ ನಡೆದದ್ದು ಹೇಳಿ, ಕಂಪ್ಯೂಟರಿನ ಮುಂದೆ ಕೂತು, ಇಂಟರ್‌ನೆಟ್ಟಿಗೆಂದು ಅವರ ಟೆಲಿಫೋನ್ ಲೈನನ್ನು ಎರಡು ಗಂಟೆ ಹಿಡಿದುಕೊಂಡು ಲಿನಕ್ಸಿಗೆ ಸಿಗುವ ಒಂದು ಉಚಿತ ಆಂಟಿವೈರಸ್ ಇಳಿಸಿದೆ. ಅಪ್‌ಡೇಟುಗಳ ಪಟ್ಟಿ ತೆಗೆದು ನೋಡಿದರೆ ಪರದೆ ತುಂಬಿ ಕೆಳಗೆ ಓಡುತ್ತಲೇ ಇತ್ತು. ಹಾಕಿದ ದಿನದಿಂದ ಆ ಕಂಪ್ಯೂಟರಿನ ಒಂದು ಬಾಗಿಲನ್ನೂ ನಾನು ಭದ್ರ ಮಾಡಿರಲಿಲ್ಲ. ಲೈನಿನಲ್ಲಿದ್ದಾಗಲೆಲ್ಲ ಎಲ್ಲೆಲ್ಲಿಯವರೋ ಬಂದು ಪಾಸ್‌ವರ್ಡ್ ಊಹಿಸಿ ಬಾಗಿಲು ತಟ್ಟಿ ಹೋಗಿದ್ದರ ಗುರುತು ಒಳಗಿನ ದಾಖಲೆಯಲ್ಲಿ ಸಾಲುಸಾಲಾಗಿ ಇತ್ತು. ಯಾರೂ ಒಳಗೆ ಬಂದಿರಲಿಲ್ಲ. ಅದು ಲಿನಕ್ಸಿನ ಮಹಿಮೆಯಲ್ಲ, ನಮ್ಮ ಪುಣ್ಯ. ಅತ್ತೆ ಲೈನು ಖಾಲಿಯಾಗುವುದನ್ನೇ ಕಾದಿದ್ದು, ರಿಜಿಸ್ಟರ್ ಬಿಚ್ಚಿಕೊಂಡು, ಆ ಪೆನ್ ಡ್ರೈವ್ ಹೋಗಿಬಂದ ಒಂದೊಂದು ಮನೆಗೂ ಫೋನ್ ಮಾಡಿದರು. "ನಮ್ಮನೆಯಿಂದಾನೇ ಬಂದಿದ್ದು, ತಪ್ಪಾಯ್ತು" ಎಂದು ಅತ್ತೆ ಯಾರಿಗಾದರೂ ಹೇಳಿದ್ದನ್ನು ನಾನು ಕೇಳಿದ್ದು ಅಂದು ಮಾತ್ರ. ಪ್ರತಿ ಮನೆಗೂ ಹೇಳಿದರು. ನಾನು ತಲೆ ಎತ್ತಲಿಲ್ಲ.

ಮನೆಗೆ ಬಂದಾಗ ಅಕ್ಕ ಹಾಲಿನಲ್ಲಿ ಪೇಪರು ತಿದ್ದುತ್ತಿದ್ದಳು. ಎಲ್ಲ ಹೇಳಿದೆ. 'ನಿಮಿತ್ತ' ಎಂದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಪಾಪ ಆ ಮಾವನ್ನ ಸತ್ತ ಮೇಲೂ ಇನ್ನೊಂದು ಸಲ ಸಾಯಿಸ್ದೆ ನೋಡು ನಾನು" ಎಂದಳು. ಹುಡುಗ ಗೇಟಿನಲ್ಲಿ ಹೇಳಿದ್ದನ್ನು ಕೇಳುವಾಗ ನಗು ನಿಂತಿತ್ತು. ಪೇಪರಿನಿಂದ ತಲೆ ಎತ್ತದೆ ಕೇಳಿದಳು.

"ಆ ನ್ಯೂ ಫೋಲ್ಡರು. ಅದನ್ನ ನೀನು ಮೊದಲೇ ನೋಡಿದ್ಯಾ?"

"ನೋಡಿದ್ದೆ. ದೀಪಾವಳಿಗೆ ಮುಂಚೆ."

"ಅಳಿಸೋದು ಕಷ್ಟಾನಾ?"

"ಇಲ್ಲ. ಒಂದು ಕೀ ಒತ್ತಿದ್ರೆ ಸಾಕಿತ್ತು."

"ಮತ್ತೆ?"

"ನಮಗೇನೂ ಆಗಲ್ಲ ಅಂತ ಬಿಟ್ಟೆ ಕಣೇ."

ಅಕ್ಕ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. "ನಮಗೆ ಅಂದ್ರೆ ಯಾರ್ಯಾರಿಗೋ?" ಎಂದಳು.

ನಾನು ಲೆಕ್ಕ ಹಾಕಿದೆ. ಅದರಲ್ಲಿ ನಾನಿದ್ದೆ, ಅತ್ತೆಯ ಮನೆಯ ಕಂಪ್ಯೂಟರ್ ಇತ್ತು. ಅವಳಿರಲಿಲ್ಲ.